ಕಂಬದ ಚೇಗು, ಹಗೇವಿನ ಕಾಳು

ನಮ್ಮ ಊರಿನಲ್ಲಿ ಇದ್ದಿಲು ಪೂರ್ತಿ ತಣ್ಣಗಾಗುವುದಿಲ್ಲ. ಬೆಂಕಿ ಆರಿ, ಹೊಗೆ ಹೋಗಿ, ಮೇಲೆ ನೀರು ಚಿಮುಕಿಸಿದರೂ ಅದರೊಳಗೆ ಆಗಷ್ಟೇ ಇಟ್ಟ ಕೋಳಿಮೊಟ್ಟೆಯಷ್ಟು ಬಿಸಿ ಉಳಿಯುತ್ತದೆ. ಆ ಬಿಸಿಯೂ ಇಳಿಯುತ್ತದೆ, ಆದರೆ ಇಳಿಯುವುದನ್ನು ನೋಡಲು ಮನುಷ್ಯನ ಆಯುಷ್ಯ ಸಾಲದು. ಇನ್ನೂರು ತಲೆಮಾರಿಗೆ ಅರ್ಧವಾಗುತ್ತದೆ, ಮತ್ತಿನ್ನೂರಕ್ಕೆ ಆ ಅರ್ಧದಲ್ಲಿ ಅರ್ಧ. ಚಳಿಗಾಲದಲ್ಲಿ ಹಾಲಿಗೆ ಹೆಪ್ಪು ಹಾಕಿದವರು ಗಡಿಗೆಯ ಪಕ್ಕ ನಾಲ್ಕು ಇದ್ದಿಲು ಇಡುತ್ತಾರೆ. ಬಾಣಂತಿಯ ಮಂಚದ ಕೆಳಗೆ ಅವಳ ತವರಿನ ಒಲೆಯ ಇದ್ದಿಲು ಒಂದು ಬುಟ್ಟಿ ಇರುತ್ತದೆ. ಕಾವಿಗೆ ಕೂರದ ಕೋಳಿಯನ್ನು ನಮ್ಮಲ್ಲಿ ಯಾರೂ ಬೈಯುವುದಿಲ್ಲ. ಹಳ್ಳ ದಾಟಿಸಿ ಸಂತೆಗೆ ಒಯ್ದರೆ ಮಾತ್ರ ಅದು ಬರೀ ಇದ್ದಿಲು. ಅಲ್ಲಿಯವರು ಮುಟ್ಟಿ ನೋಡಿ ನಗುತ್ತಾರೆ, ನಾವೂ ನಕ್ಕು ಬರುತ್ತೇವೆ.

ಬಿಸಿ ನೋಡುವುದು ನಮ್ಮ ಮನೆತನದ ಕೆಲಸ. ನನ್ನವ್ವ ನೋಡುತ್ತಿದ್ದಳು, ಅವಳ ತರುವಾಯ ನಾನು. ಯಾವ ಬದು ಹಳೆಯದು, ಯಾರ ಕೊಟ್ಟಿಗೆ ಯಾವಾಗ ಸುಟ್ಟಿತು, ಎಲ್ಲವನ್ನೂ ಅಂಗೈಯಿಂದಲೇ ಹೇಳಬೇಕು. ಬೆಳಗಿನ ಖಾಲಿ ಹೊಟ್ಟೆಯಲ್ಲಿ ಕೂತು, ಎರಡೂ ಕೈಯನ್ನು ಕೊಡದ ನೀರಿನಲ್ಲಿ ನೂರು ಉಸಿರಿನವರೆಗೆ ಅದ್ದಿಟ್ಟು, ಒರೆಸಿ, ಎಡಗೈಯಲ್ಲಿ ಕಾಲ ಗೊತ್ತಿರುವ ತುಂಡನ್ನೂ ಬಲಗೈಯಲ್ಲಿ ಹೊಸದನ್ನೂ ಹಿಡಿಯುತ್ತೇನೆ. ಆಮೇಲೆ ಕೈ ಬದಲಿಸುತ್ತೇನೆ. ಅಂಗೈ ಗಡುಸಾದರೆ ಕೆಲಸ ಕೆಟ್ಟಿತು. ಅದಕ್ಕೆ ನಾನು ಬೀಸುವ ಕಲ್ಲು ಮುಟ್ಟಿದವಳಲ್ಲ, ಕುಡುಗೋಲು ಹಿಡಿದವಳಲ್ಲ. ಓಬಕ್ಕನ ಕೈ ಮೊಲದ ಕಿವಿಯ ಹಾಗಿದೆ ಎಂದು ಕಳೆ ಕೀಳುವ ಹೆಂಗಸರು ಆಡಿಕೊಳ್ಳುವುದು ನನ್ನ ಕಿವಿಗೂ ಬಿದ್ದಿದೆ. ಆಡಿಕೊಳ್ಳಲಿ, ಅದು ಸುಳ್ಳೇನಲ್ಲ.

ಕಟ್ಟೆಯ ಮೇಲಿನ ಕಲ್ಲುಪೆಟ್ಟಿಗೆಯಲ್ಲಿ ಊರಿನ ಮೊದಲ ಒಲೆಯದು ಅರ್ಧ ಹಿಡಿ ಇದೆ. ಇದ್ದಿಲಲ್ಲ, ಸೀದು ಕರಕಾದ ಹುರುಳಿಕಾಳು. ಊರು ಕಟ್ಟಿದ ಮೊದಲ ಹೆಂಗಸು ಹುರುಳಿ ಹುರಿಯಲು ಇಟ್ಟು ಗಂಡನ ಜೊತೆ ಜಗಳಕ್ಕೆ ನಿಂತಳಂತೆ, ಜಗಳ ಮುಗಿಯುವಷ್ಟರಲ್ಲಿ ಕಾಳು ಹೀಗಾಗಿತ್ತಂತೆ. ಏನು ಜಗಳ ಎಂಬುದನ್ನು ಮನೆಗೊಂದು ಥರ ಹೇಳುತ್ತಾರೆ. ನೂರೈವತ್ತು ತಲೆಮಾರಿನ ಹಿಂದಿನ ಮಾತು. ಆ ಕಾಳಿಗಿಂತ ತಣ್ಣಗಿರುವುದು ಯಾವ ನೆಲದಲ್ಲಿ ಸಿಕ್ಕಿತೋ ಆ ನೆಲ ನಮಗಿಂತ ಮುಂಚಿನವರದು. ಕೇಳಿ ಉಳೋಣವೆಂದರೆ ಅವರಿಲ್ಲ, ಕೇಳದೆ ಉತ್ತರೆ ಕಳವು. ಅಂಥ ಕಡೆ ನೇಗಿಲು ಇಳಿಸುವ ಹಾಗಿಲ್ಲ, ಮನೆ ಇದ್ದರೆ ಮನೆಯನ್ನೂ ಬಿಡಬೇಕು. ಈ ಕಟ್ಟಳೆಯನ್ನು ಯಾರು ಮಾಡಿದರೋ ತಿಳಿಯದು, ಮುರಿದವರನ್ನಂತೂ ನಾನು ಕಂಡಿಲ್ಲ.

ಹದಿಮೂರು ವರ್ಷದ ಹಿಂದೆ ಊರ ಮೂಡಣದ ಬೂದಿದಿಬ್ಬದ ಇಳಿಜಾರನ್ನು ಕಟ್ಟೆಯ ಹಿರಿಯರು ಸೂರಪ್ಪ ಎಂಬ ನೆಲವಿಲ್ಲದವನಿಗೆ ಬಿಟ್ಟುಕೊಟ್ಟಿದ್ದರು. ಅವನೂ ಅವನ ಹೆಂಡತಿ ಜಂಬಕ್ಕನೂ ಎರಡು ವರ್ಷ ಕಲ್ಲು ಆರಿಸಿ, ಅದೇ ಕಲ್ಲಿನಿಂದ ಇಳಿಜಾರಿನ ಬುಡದಲ್ಲಿದ್ದ ತಮ್ಮ ಗುಡಿಸಲಿನ ಹಿತ್ತಿಲಿಗೆ ಗೋಡೆ ಹಾಕಿ, ನೆಲವನ್ನು ಹದಕ್ಕೆ ತಂದಿದ್ದರು. ಮೊದಲನೆಯ ಬೆಳೆ ಮೊಳಕಾಲುದ್ದ ಬಂದಿತ್ತು. ಗೋಡೆಯಾಚೆ ಬಿಟ್ಟಿದ್ದ ಇನ್ನೊಂದು ತುಂಡು ಉಳುವಾಗ ನೇಗಿಲಿಗೆ ತೊಡೆಯಷ್ಟು ದಪ್ಪದ ಇದ್ದಿಲು ತಗುಲಿತು. ನನ್ನಲ್ಲಿಗೆ ತಂದರು. ದೊಡ್ಡ ತುಂಡನ್ನೇ ಹಿಡಿ, ಚೂರು ಸುಳ್ಳು ಹೇಳುತ್ತದೆ ಎಂದು ನನ್ನವ್ವ ಕಲಿಸಿದ್ದಳು. ಮಣ್ಣು ಹತ್ತಿದ್ದ ಹೊರಭಾಗವನ್ನು ಕೆತ್ತಿ ಎಸೆದು, ನಡುವಿನ ಗಟ್ಟಿಯನ್ನು ತೆಗೆದು, ಕಟ್ಟೆಯ ಕಾಳಿನ ಜೊತೆ ಹಿಡಿದು ನೋಡಿದೆ. ಕಾಳಿಗಿಂತ ಹತ್ತು ತಲೆಮಾರಿನಷ್ಟು ತಣ್ಣಗಿತ್ತು. ಹಾಗೆಂದು ಹೇಳಿದೆ. ಇಳಿಜಾರನ್ನು ಉಳುಮೆಗೆ ಮುಚ್ಚಿದರು. ನಿಂತ ಪೈರನ್ನು ಗಂಡಹೆಂಡತಿ ಒಂದೊಂದೇ ಕಿತ್ತು ದನಕ್ಕೆ ಹಾಕಿದರು. ಗೋಡೆಯ ಈಚೆಗೆ ಏನೂ ಸಿಕ್ಕಿರದ ಕಾರಣ ಗುಡಿಸಲು ಉಳಿಯಿತು.

ಸೂರಪ್ಪ ಅಂದಿನಿಂದ ಕೊಡಲಿ ಹಿಡಿದು ಮನೆಮನೆಯ ಸೌದೆ ಒಡೆಯುವವನಾದ. ಜಂಬಕ್ಕ ಅವರಿವರ ಹೊಲಕ್ಕೆ ಹೋದಳು. ಬಾವಿಯ ಹತ್ತಿರ ನಾನು ಬಂದರೆ ಕೊಡ ತುಂಬದಿದ್ದರೂ ಎತ್ತಿಕೊಂಡು ನಡೆಯುವಳು. ಹನ್ನೊಂದು ವರ್ಷದಲ್ಲಿ ನನ್ನೊಡನೆ ಒಂದು ಮಾತು ಆಡಲಿಲ್ಲ.

ಆದ್ದರಿಂದ ಹೋದ ಬೇಸಿಗೆಯ ಒಂದು ಮಧ್ಯಾಹ್ನ ಅವಳು ನನ್ನ ಹಿತ್ತಿಲ ಬಾಗಿಲಲ್ಲಿ ನಿಂತದ್ದನ್ನು ಕಂಡು, ಯಾರೋ ತೀರಿಕೊಂಡಿರಬೇಕು ಎಂದೇ ನಾನು ಎದ್ದೆ. ಅವಳು ಒಳಗೆ ಬಂದು, ಬಾಗಿಲು ಮುಂದಕ್ಕೆ ಮಾಡಿ, ಸೆರಗಿನ ಗಂಟು ಬಿಚ್ಚಿದಳು. ಒಂದು ಬೊಗಸೆ ಕಪ್ಪು ಕಾಳು. ಆ ಸುಗ್ಗಿಯಲ್ಲಿ ಕೂಲಿಯ ಜೋಳ ಎಂದಿಗಿಂತ ಹೆಚ್ಚು ಬಂದಿತ್ತಂತೆ. ಮೂಟೆಯಲ್ಲಿ ಇಟ್ಟರೆ ನುಸಿ ಹತ್ತುತ್ತದೆಂದು, ನೆಲದೊಳಗೆ ತುಂಬಿಡಲು ಹಿತ್ತಿಲಲ್ಲಿ ಹಗೇವು ತೋಡಿದ್ದಾರೆ. ಎದೆಯಾಳಕ್ಕೆ ಹೋದಾಗ ಸನಿಕೆ ಟೊಳ್ಳಿಗೆ ಇಳಿಯಿತು. ಅಲ್ಲಿ ಮೊದಲೇ ಒಂದು ಹಗೇವು ಇತ್ತು, ಯಾರದೋ, ಯಾವ ಕಾಲದ್ದೋ, ಒಳಗೆ ಸುಟ್ಟ ಕಾಳು.

"ಓಬಕ್ಕ, ಇದನ್ನ ನೋಡು. ಯಾರ ಮುಂದೂ ಬಾಯಿ ಬಿಡಬ್ಯಾಡ. ತಣ್ಣಗಿದ್ರೆ ಗುಂಡಿ ಮುಚ್ತೀನಿ, ಇಬ್ರೂ ಮರ್ತುಬಿಡಾನ."

ಗುಟ್ಟಾಗಿ ನೋಡುವ ಪದ್ಧತಿ ನಮ್ಮಲ್ಲಿಲ್ಲ. ನೋಡಿದ ಮೇಲೆ ಕಟ್ಟೆಯಲ್ಲಿ ಹೇಳಲೇಬೇಕು, ಹೇಳಬಾರದು ಎಂದಿದ್ದರೆ ನಾನು ನೋಡಬಾರದು. ಅದನ್ನೇ ಹೇಳಿದೆ. ಅವಳು ಸೆರಗು ಗಂಟು ಹಾಕತೊಡಗಿದಳು. ಆಗಲೇ ಹೊಲ ಕಳೆದುಕೊಂಡಿದ್ದಳು, ಈಗ ಈ ಕಾಳು ತಣ್ಣಗಿದ್ದರೆ ಹಿತ್ತಿಲೂ ಗುಡಿಸಲೂ ಹೋಗುತ್ತವೆ ಎಂಬುದು ನನಗೂ ಗೊತ್ತಿತ್ತು. ಗಂಟು ಬಿಗಿಯುವಾಗ ನಾಲ್ಕು ಕಾಳು ನೆಲಕ್ಕೆ ಬಿದ್ದವು. ಬಗ್ಗಿ ಎತ್ತಿ ಕೊಡಹೋದೆ. ಊಟ ಮಾಡಿದ ಕೈ, ಮಧ್ಯಾಹ್ನದ ಸೆಕೆ ಬೇರೆ. ಅಂಥ ಹೊತ್ತಿನಲ್ಲಿ ನೋಡಿದ್ದು ಲೆಕ್ಕಕ್ಕಿಲ್ಲ. ಆದರೂ ಕೊಡಲು ಚಾಚಿದ ಕೈ ಅಲ್ಲೇ ನಿಂತಿತು.

"ಜಂಬಕ್ಕ, ನನಗೆ ಈಗ ಸರಿಯಾಗಿ ತಿಳಿಯಲ್ಲ. ಆದ್ರೆ ಇದು ತಣ್ಣಗಿಲ್ಲ ಅನ್ನಿಸ್ತೈತೆ" ಎಂದೆ.

ಅವಳು ನನ್ನ ಮುಖವನ್ನೇ ನೋಡಿದಳು. "ಅನ್ನಿಸ್ತೈತೋ, ಗೊತ್ತೈತೋ? ಅವತ್ತು ನಮ್ಮ ಪೈರು ಕೀಳಿಸ್ದಾಗ ಅನ್ನಿಸಿದ್ದೋ, ಗೊತ್ತಿದ್ದೋ?"

ಕಾಳನ್ನು ಅವಳ ಸೆರಗಿಗೆ ಹಾಕಿದೆ. ನಾಳೆ ಬೆಳಿಗ್ಗೆ ಕಟ್ಟೆಗೆ ತಂದರೆ ನೋಡುತ್ತೇನೆ, ತರದಿದ್ದರೆ ಈ ಮಧ್ಯಾಹ್ನ ನೀನು ಬಂದಿರಲೇ ಇಲ್ಲ, ಯೋಚನೆ ಮಾಡು ಎಂದೆ. ಅವಳು ಹೋದಳು.

ಮರುದಿನ ಹೊತ್ತು ಮೂಡುವಾಗ ಗಂಡಹೆಂಡತಿ ಇಬ್ಬರೂ ಕಟ್ಟೆಯ ಕೆಳಗೆ ನಿಂತಿದ್ದರು. ಕಟ್ಟೆಯ ಹಿರಿಯ ಬಸರಕೋಡಪ್ಪನಿಗೆ ಎಂಬತ್ತು ದಾಟಿದೆ. ಕಲ್ಲುಪೆಟ್ಟಿಗೆಯ ಬೀಗದಕೈ ಅವನ ಉಡದಾರಕ್ಕೆ ಕಟ್ಟಿರುತ್ತದೆ, ಸ್ನಾನಕ್ಕೂ ಬಿಚ್ಚುವುದಿಲ್ಲ. ಯಾಕೆ ಬಂದಿರಿ ಎಂದು ಕೇಳಿದ. ಮುಚ್ಚಿಬಿಡೋಣ ಎಂದು ಸೂರಪ್ಪ ರಾತ್ರಿಯೆಲ್ಲ ಹೇಳಿದನಂತೆ. ಜಂಬಕ್ಕ ಕೇಳಿರಲಿಲ್ಲ.

"ಮುಚ್ಚಿದ್ರೆ ದಿನಾ ಅದರ ಮ್ಯಾಲೇ ನಡೀಬೇಕಲ್ಲಜ್ಜ" ಎಂದಳು, ಅಷ್ಟೇ.

ಕೈ ಅದ್ದಿ, ಒರೆಸಿ, ಕೂತೆ. ಎಡಕ್ಕೆ ಊರಿನ ಕಾಳು, ಬಲಕ್ಕೆ ಅವಳ ಕಾಳು. ಬದಲಿಸಿದೆ. ಏಳು ಸಲ ಬದಲಿಸಿದೆ. ಯಾವ ಕೈಯಲ್ಲಿ ಯಾವುದಿದೆ ಎಂದು ನನಗೇ ಮರೆತುಹೋಗುವಷ್ಟು ಎರಡೂ ಒಂದೇ ಆಗಿದ್ದವು. ಹಾಗೆಂದು ಹೇಳಿದೆ. ಸೂರಪ್ಪ ಅಲ್ಲೇ ಕುಕ್ಕರಗಾಲಲ್ಲಿ ಕೂತುಬಿಟ್ಟ. ಗುಡಿಸಲು ಉಳಿಯಿತು.

ಜಂಬಕ್ಕ ಕೂರಲಿಲ್ಲ. ಗೋಡೆಯ ಈಚೆಗೆ ಸಿಕ್ಕಿದ್ದು ಊರಿನಷ್ಟೇ ಹಳೆಯದು, ನಾಲ್ಕು ಹೆಜ್ಜೆ ಆಚೆಗೆ ಸಿಕ್ಕಿದ್ದು ಹತ್ತು ತಲೆಮಾರು ಮುಂಚಿನದು, ಇದು ಹೇಗೆ ಎಂದು ಕೇಳಿದಳು. ಬಸರಕೋಡಪ್ಪ, ಹಳೆಯವರ ಜಾಗದಲ್ಲಿ ಆಮೇಲಿನವರು ಬಂದು ಹಗೇವು ತೋಡಿರಬಹುದು, ನೀವು ಈಗ ತೋಡಲಿಲ್ಲವೇ ಎಂದ. ತೂಕದ ಮಾತೇ. ಆದರೆ ಆ ಬೊಗಸೆ ಕಾಳಿನ ಬಿಸಿ ನನ್ನ ಕೈ ಬಿಟ್ಟಿರಲಿಲ್ಲ. ನೋಡೋಣ ನಡೆಯಿರಿ ಎಂದೆ. ಮುಚ್ಚಿದ ನೆಲವನ್ನು ಉಳುವ ಹಾಗಿಲ್ಲ, ಬಿಸಿ ನೋಡಲೆಂದು ಅಗೆಯಲು ಅಡ್ಡಿಯಿಲ್ಲ. ಅಜ್ಜ ಪೆಟ್ಟಿಗೆಯ ಕಾಳನ್ನು ಪಂಚೆಯ ತುದಿಯಲ್ಲಿ ಕಟ್ಟಿಕೊಂಡು, ಕೋಲು ಊರುತ್ತ ತಾನೂ ಬಂದ.

ಹಗೇವಿನ ಬಾಯಿಯ ಸುತ್ತ ಮೆಲ್ಲಗೆ ಕೆರೆದಾಗ ಬಡಿದು ಸಮ ಮಾಡಿದ ನೆಲ ಸಿಕ್ಕಿತು. ಬೆಂಕಿಗೆ ಬೆಂದು ಇಟ್ಟಿಗೆಯ ಹಾಗೆ ಕೆಂಪಾಗಿತ್ತು. ಅದನ್ನೇ ಹಿಡಿದು ಹೋದೆವು. ಕೆಂಪು ನೆಲ ಗೋಡೆಯ ಬುಡಕ್ಕೆ ಹೋಯಿತು. ಸೂರಪ್ಪ ತಾನೇ ಕಟ್ಟಿದ ಗೋಡೆಯ ಕಲ್ಲುಗಳನ್ನು ಒಂದೊಂದಾಗಿ ಇಳಿಸಿದ. ನೆಲ ಎಲ್ಲೂ ತುಂಡಾಗದೆ ಆಚೆಗೂ ಹೋಗಿ, ಅವನ ನೇಗಿಲು ಅಂದು ಎಡವಿದ ಜಾಗಕ್ಕೇ ಬಂದು ನಿಂತಿತು. ಅಲ್ಲಿ ನೆಲದೊಳಗೆ ಒಂದು ಕಂಬದ ಬುಡ, ಮೊಳ ದಪ್ಪ, ಒಳಹೊರಗೆ ಇದ್ದಿಲಾಗಿತ್ತು. ಒಂದು ಬದಿಯಲ್ಲಿ ನೇಗಿಲು ಕಿತ್ತ ಗಾಯ ಇನ್ನೂ ಇತ್ತು. ಅದು ನಡುಗಂಬ. ಸುತ್ತ ಸಣ್ಣ ಗೂಟಗಳ ಗುಳಿಗಳು ದುಂಡಗೆ ಹೋಗಿದ್ದವು. ಒಂದು ಮನೆ. ಒಂದೇ ನೆಲ, ಒಂದೇ ದಿನ ಬಿದ್ದ ಬೆಂಕಿ. ಕಂಬವನ್ನೂ ಹಗೇವಿನ ಕಾಳನ್ನೂ ಆ ಬೆಂಕಿ ಒಟ್ಟಿಗೇ ಸುಟ್ಟಿತ್ತು.

ಹಾಗಿದ್ದರೆ ಎರಡಕ್ಕೂ ಒಂದೇ ಬಿಸಿ ಇರಬೇಕಿತ್ತು. ಕಂಬದ ನಡುವಿಗೆ ಅಂಗೈ ಇಟ್ಟೆ. ತಣ್ಣಗೇ ಇತ್ತು. ಹನ್ನೊಂದು ವರ್ಷದ ಹಿಂದೆ ನನ್ನ ಕೈ ತಪ್ಪಿರಲಿಲ್ಲ. ಅದು ಸಮಾಧಾನದ ಮಾತಾಗಬೇಕಿತ್ತು, ಆಗಲಿಲ್ಲ. ಬಿಸಿಲು ನೆತ್ತಿಗೆ ಬಂತು. ಜಂಬಕ್ಕ ಎಲ್ಲರಿಗೂ ಮಜ್ಜಿಗೆ ತಂದಳು, ನನಗೂ ಕೊಟ್ಟಳು.

ಸೂರಪ್ಪ ಮಜ್ಜಿಗೆ ಕುಡಿದು, ಕಂಬದ ಬುಡವನ್ನು ಉಗುರಿನಿಂದ ತಟ್ಟಿದ. ಸುತ್ತಿನ ಮೇಲೆ ಸುತ್ತು ಹೋಗಿದ್ದ ಗೆರೆಗಳ ಮೇಲೆ ಬೆರಳಾಡಿಸಿದ.

"ಕಮರದ ಮರ ಕಣಕ್ಕ ಇದು" ಎಂದ. "ನನ್ನ ಕೊಡ್ಲಿ ಬಾಯಿ ಎಷ್ಟು ಸಲ ಮುರಿದೈತೋ ಇದಕ್ಕೆ. ಇಷ್ಟು ದಪ್ಪ ಆಗಬೇಕಂದ್ರೆ ಎಷ್ಟು ಜನದ ಕಾಲ ಕಳೀಬೇಕೋ. ಕಡಿದ ದಿನ ಸಾಯೋದು ಸಿಪ್ಪೆ ಕಡೇದು ಅಷ್ಟೆ. ಒಳಗಿನ ಚೇಗು ಸತ್ತು ಯಾವ ಕಾಲ ಆಗಿರ್ತೈತೋ. ಬದುಕಿರೋ ಮರದೊಳಗೇ ಸತ್ತು ಕೂತಿರ್ತೈತೆ."

ಇನ್ನೊಂದು ಸಲ ಹೇಳು ಎಂದೆ. ತಾನು ತಪ್ಪೇನಾದರೂ ಆಡಿದೆನೋ ಎಂದು ಅವನು ಹೆಂಡತಿಯ ಕಡೆ ನೋಡಿದ. ನಾನು ಅವನ ಕೊಡಲಿ ತರಿಸಿ, ಸಿಪ್ಪೆಯ ಕಡೆಯಿಂದ ಒಂದು ತುಂಡು, ನಡುವಿನ ಚೇಗಿನಿಂದ ಒಂದು ತುಂಡು ಬಿಡಿಸಿಕೊಂಡೆ. ಬೆಳಿಗ್ಗೆಯಿಂದ ನಾನು ಏನೂ ತಿಂದಿರಲಿಲ್ಲ, ಆ ಮಜ್ಜಿಗೆಯೊಂದು ಬಿಟ್ಟು. ಕೈ ತೊಳೆದು ಹಿಡಿದೆ. ಸಿಪ್ಪೆಯ ಕಡೆಯದು ಕಾಳಿನಷ್ಟೇ ಬೆಚ್ಚಗಿತ್ತು. ಚೇಗು ತಣ್ಣಗಿತ್ತು. ಒಂದೇ ಕಂಬದ ಎರಡು ತುಂಡುಗಳ ನಡುವೆ ಹತ್ತು ತಲೆಮಾರು. ಬಿಸಿ ಇಳಿಯತೊಡಗುವುದು ಬೆಂಕಿ ಬಿದ್ದ ದಿನದಿಂದಲ್ಲ, ಜೀವ ಹೋದ ದಿನದಿಂದ. ಅಷ್ಟೂ ಆ ಮರ ಬೆಳೆದ ಕಾಲ, ಆ ಮನೆಯವರದಲ್ಲ. ಅವರು ಹಳೆಯ ಮರ ಕಡಿದು ಮನೆ ಕಟ್ಟಿದ್ದರು. ಕಾಳಾದರೋ ಒಂದು ಮಳೆಗೆ ಹುಟ್ಟಿ ಒಂದು ಸುಗ್ಗಿಗೆ ಮುಗಿದದ್ದು, ಅದಕ್ಕೆ ಬೇರೆ ವಯಸ್ಸಿಲ್ಲ. ನಾನು ಊರಿನ ಕಾಳನ್ನು ಮರದ ಚೇಗಿನ ಜೊತೆ ಹಿಡಿದು ತೂಗಿದ್ದೆ. ಅದೂ ಹೊರಭಾಗವನ್ನು ಮಣ್ಣೆಂದು ಕೆತ್ತಿ ಎಸೆದು.

ಜಂಬಕ್ಕನಿಗೆ ಅಲ್ಲೇ ಹೇಳಿದೆ. ಅವಳು ಎರಡೂ ತುಂಡನ್ನು ತನ್ನ ಕೈಗೆ ತೆಗೆದುಕೊಂಡಳು. ಕುಡುಗೋಲು ಹಿಡಿದು ಗಂಟುಗಂಟಾದ ಕೈ. ಬಹಳ ಹೊತ್ತು ಹಿಡಿದಿದ್ದು, "ನನಗೂ ಗೊತ್ತಾಗ್ತೈತಲ್ಲ" ಎಂದಳು. ಆಮೇಲೆ ಮೆಲ್ಲಗೆ, "ಹನ್ನೊಂದು ಮುಂಗಾರು, ಓಬಕ್ಕ" ಎಂದಳು. ಅವಳು ಬೈದಿದ್ದರೆ ಚೆನ್ನಾಗಿತ್ತು.

ಸಂಜೆ ಕಟ್ಟೆಯ ತುಂಬ ಜನ. ತಪ್ಪು ಒಪ್ಪುವುದು ಸುಲಭವೆಂದು ಹೇಳುವವರು ಒಪ್ಪಿ ನೋಡಿರುವುದಿಲ್ಲ. ಹೊಲದ ವಿಷಯ ಹೇಳಿ ಮುಗಿಸಿದರೆ ಸಾಕು ಎಂದು ಒಂದು ಮನಸ್ಸು ಹೇಳುತ್ತಿತ್ತು. ಆದರೆ ಅವ್ವ ಕಲಿಸಿದ ದೊಡ್ಡ ತುಂಡಿನ ಪಾಠ ನಂಬಿ ನಾನು ನೋಡಿದ ಹೊಲ ಅದೊಂದೇ ಅಲ್ಲ, ಅವ್ವ ನೋಡಿದ್ದಂತೂ ಎಷ್ಟೋ. ಎಲ್ಲವನ್ನೂ ಹೇಳಿದೆ. ಮರ ಹಿಡಿದು ನಾವು ಹೇಳಿದ ಯಾವ ಮಾತನ್ನೂ ಇನ್ನು ಮೇಲೆ ನಂಬಬೇಡಿ, ಮತ್ತೆ ಕಾಳು ಹುಡುಕಿ ನೋಡುವ ತನಕ ಎಂದೆ.

ಗುಜುಗುಜು ಎದ್ದಿತು. ಮುಚ್ಚಿದ ಬೇರೆ ಹೊಲಗಳವರು ಇದ್ದರು. ಎದ್ದು ನಿಂತವರೂ ಇದ್ದರು. ಹಾಗಾದರೆ ಇವಳ ಕೈ ಇನ್ನು ನಮಗೇಕೆ ಎಂದು ಹಿಂದಿನಿಂದ ಯಾರೋ ಕೇಳಿದರು. ಬಸರಕೋಡಪ್ಪ ಕೋಲಿನಿಂದ ಕಲ್ಲು ಕುಟ್ಟಿದ.

"ನಮ್ಮ ಹಳೇ ಮನೆ ಬಿಡಿಸಿದ್ದೂ ಇವಳವ್ವನೇ. ನಾನೂ ಆಗ ತಪ್ಪು ಲೆಕ್ಕಕ್ಕೇ ಗಂಟುಮೂಟೆ ಕಟ್ಟಿದ್ದಿರಬಹುದು, ಸುಮ್ನಿರ್ರಿ. ಮೊದ್ಲು ಆ ತುಂಡುಗಳನ್ನ ಇತ್ತ ಕೊಡವ್ವ."

ಅವನು ಹಿಡಿದು ನೋಡಿದ. ಪಕ್ಕದವನಿಗೆ ಕೊಟ್ಟ. ಅವು ಕೈಯಿಂದ ಕೈಗೆ ಹೋದವು, ಹೆಂಗಸರ ಕಡೆಗೂ ಹೋದವು. ಕಟ್ಟೆಯಲ್ಲಿ ನಮ್ಮ ಮನೆತನದವರು ಬಿಟ್ಟು ಬೇರೆಯವರು ಬಿಸಿ ನೋಡಿದ್ದು ಅದೇ ಮೊದಲು. ಕೆಲವರು ಕಣ್ಣು ಮುಚ್ಚಿ ಹಿಡಿದರು. ಕೆಲವರು ಕೆನ್ನೆಗೆ ಒತ್ತಿಕೊಂಡರು. ಇದು ಬೆಚ್ಚಗೆ, ಇದು ತಣ್ಣಗೆ ಎಂದು ಒಬ್ಬೊಬ್ಬರೇ ಹೇಳುತ್ತ ಬಂದರು. ತುಂಡುಗಳು ಮರಳಿ ನನ್ನ ಕೈಗೆ ಬರುವಷ್ಟರಲ್ಲಿ ದೀಪ ಹಚ್ಚಿದ್ದರು. ಇಳಿಜಾರು ಸೂರಪ್ಪನದು ಎಂದು ಅಜ್ಜ ಹೇಳಿದ. ಇನ್ನು ಮೇಲೆ ಒಬ್ಬಳೇ ನೋಡುವುದು ಬೇಡ, ಇನ್ನೆರಡು ಕೈ ಜೊತೆಗಿರಲಿ ಎಂದೂ ಹೇಳಿದ. ಇದು ನನಗೆ ಶಿಕ್ಷೆಯೆಂದು ಕೆಲವರು ತಿಳಿದರು. ಅಂದು ನನಗೆ ಎಷ್ಟೋ ವರ್ಷದ ಮೇಲೆ ಬಿದ್ದ ತಕ್ಷಣ ನಿದ್ದೆ ಬಂತು.

ಆ ಬೇಸಿಗೆಯ ಉಳಿದ ದಿನಗಳಲ್ಲಿ ಮುಚ್ಚಿದ್ದ ಹೊಲಗಳಿಗೆಲ್ಲ ಹೋಗಿ ಜರಡಿ ಹಿಡಿದು ಕಾಳು ಹುಡುಕಿದೆವು. ಕೆಲವು ತೆರೆದವು, ಕೆಲವು ಮುಚ್ಚಿದ್ದು ಸರಿಯೇ ಆಗಿತ್ತು. ಎರಡು ಕಡೆ ಕಾಳೇ ಸಿಗಲಿಲ್ಲ, ಇನ್ನೂ ಹುಡುಕುತ್ತಿದ್ದೇವೆ. ಜೊತೆಗೆ ಬರುವ ಕೈಗಳಲ್ಲಿ ಜಂಬಕ್ಕನದೂ ಒಂದು. ಅವಳು ತುಂಡನ್ನು ಅಂಗೈಯಲ್ಲಿ ಹಿಡಿಯುವುದಿಲ್ಲ, ಮುಂಗೈಯ ಒಳಬದಿಗೆ ಒತ್ತಿಕೊಳ್ಳುತ್ತಾಳೆ, ಮಗುವಿನ ಜ್ವರ ನೋಡುವ ಹಾಗೆ. ಅವಳು ಹೇಳಿದ್ದು ಇದುವರೆಗೆ ತಪ್ಪಿಲ್ಲ.

ಇಳಿಜಾರಿನಲ್ಲಿ ಹನ್ನೊಂದು ವರ್ಷದ ಜಾಲಿ ಬೆಳೆದಿತ್ತು. ಕಡಿದು, ಬೇರು ಕಿತ್ತು, ಮತ್ತೆ ಕಲ್ಲು ಆರಿಸುವಷ್ಟರಲ್ಲಿ ಮುಂಗಾರು ಕಳೆಯಿತು. ಹುರುಳಿಗೆ ಉತ್ತರೆ ಮಳೆಯೇ ಸರಿ ಎಂದು ಸೂರಪ್ಪ ಕಾದ. ಬಸರಕೋಡಪ್ಪ ಎತ್ತು ಕೊಟ್ಟ. ಮಳೆ ಬಿದ್ದ ಮೂರನೆಯ ಬೆಳಿಗ್ಗೆ ಕೂರಿಗೆ ಹೂಡಿದರು. ನಾನು ಬದುವಿನ ಮೇಲೆ ನಿಂತಿದ್ದೆ. ಜಂಬಕ್ಕ ಉಡಿಯಲ್ಲಿ ಬೀಜ ಕಟ್ಟಿಕೊಂಡವಳು ನನ್ನನ್ನು ನೋಡಿ, ದೂರ ನಿಂತು ನೋಡೋಕೆ ಇದೇನು ಮದುವೆಯಾ, ಬಂದು ಕೂರಿಗೆ ಬಟ್ಟಲಿಗೆ ಕಾಳು ಬಿಡು, ನನಗೆ ಸೊಂಟ ನೋವು ಎಂದಳು. ಬಿಟ್ಟೆ. ಮೊದಲ ಸಾಲಿನಲ್ಲಿ ದಟ್ಟವಾಯಿತು, ಎರಡನೆಯದರಲ್ಲಿ ತೆಳುವಾಯಿತು. ಅವಳು ಬೈಯುತ್ತ ಪಕ್ಕದಲ್ಲೇ ನಡೆದಳು. ಆ ಬೈಗಳನ್ನು ನಾನು ಒಂದೂ ಬಿಡದೆ ಕೇಳಿಸಿಕೊಂಡೆ.

ಐದನೆಯ ಸಾಲಿಗೆ ನಡುಗಂಬದ ಮನೆ ಎದುರಾಯಿತು. ಸೂರಪ್ಪ ಎತ್ತು ನಿಲ್ಲಿಸಿದ. ಇಳಿಸಿದ ಗೋಡೆಯನ್ನು ಮತ್ತೆ ಕಟ್ಟಿರಲಿಲ್ಲ, ಗುಂಡಿಗಳನ್ನು ಮುಚ್ಚಿ ಮಣ್ಣು ಸಮ ಮಾಡಿದ್ದೆವು, ಮೇಲೆ ಏನೂ ಕಾಣುತ್ತಿರಲಿಲ್ಲ. ಕಟ್ಟೆಯವರು ಬಿಟ್ಟುಕೊಟ್ಟಿದ್ದ ನೆಲದಲ್ಲಿ ಅದೂ ಸೇರಿತ್ತು. ನೇರ ಹೊಡೆದರೆ ಇನ್ನೂ ಅರ್ಧ ಮೊರ ಹುರುಳಿ ಬೆಳೆಯುವ ಜಾಗ. ಏನು ಮಾಡಲಿ ಎಂಬಂತೆ ಅವನು ನನ್ನ ಕಡೆ ನೋಡಿದ. ನಾನು ಜಂಬಕ್ಕನ ಕಡೆ ನೋಡಿದೆ. ಹೊಲ ಅವಳದು.

"ಜನ ಬಾಳಿದ ಮನೆ ಒಳಗೆ ಕೂರಿಗೆ ಹೊಡೀತಾರೇನು?" ಎಂದಳು. "ಬಳಸ್ಕಂಡು ಹೋಗು. ಬಾಗ್ಲ ಮುಂದೆ ಓಡಾಡೋಕೆ ಒಂಚೂರು ದಾರಿ ಬಿಡು."

ಬಾಗಿಲು ಎಲ್ಲಿತ್ತೆಂದು ಸೂರಪ್ಪನಿಗೆ ನೆನಪಿತ್ತು. ಗೂಟದ ಗುಳಿಗಳ ಸಾಲು ಪಡುವಣಕ್ಕೆ ಒಂದು ಕಡೆ ತುಂಡಾಗಿತ್ತಂತೆ. ಎತ್ತುಗಳು ದುಂಡಗೆ ತಿರುಗಿದವು.

ಎಂಟನೆಯ ದಿನಕ್ಕೆ ಮೊಳಕೆ ಎದ್ದಿತು. ಕಟ್ಟೆಯಿಂದ ನೋಡಿದರೆ ಇಳಿಜಾರಿನ ತುಂಬ ಹಸಿರು ಸಾಲು. ನಡುವೆ ಸಾಲುಗಳು ಬಳಸಿಹೋದ ದುಂಡನೆಯ ಬಯಲು, ಅದರಿಂದ ಊರಿನ ಕಡೆಗೆ ಚಾಚಿದ ಕಿರಿದಾದ ದಾರಿ. ಬಸರಕೋಡಪ್ಪ ಹಣೆಗೆ ಕೈ ಅಡ್ಡ ಹಿಡಿದು ಬಹಳ ಹೊತ್ತು ನೋಡಿದ.

"ಬಾಗ್ಲು ಈ ಕಡೀಕೆ ಐತಲ್ಲವ್ವ" ಎಂದ. "ನಮ್ಮೋರ ಜೊತೆ ಮಾತುಕತೆ ಇದ್ದಂಗೆ ಕಾಣ್ತೈತೆ."